ಸಿಪ್ಪೆ

ಈ ಊರಿನವರು ತಿನ್ನುವುದನ್ನೇ ನಾನೂ ತಿನ್ನುವೆ
ಎಂದುಬಿಟ್ಟೆ ಮೊದಲ ದಿನವೇ, ಬಾಯಿ ಸುಮ್ಮನಿರದೆ.
ಯಾಕೋಮಿನ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.
ಎಂಬತ್ತೇಳು ವರ್ಷ; ಲೈಡನ್ನಿನಲ್ಲಿ ಕಾಲುವೆ ಬದಿಯ ಮನೆ;
ಏಣಿಯಂಥ ಮೆಟ್ಟಿಲ ತುದಿಗೆ ನನಗೊಂದು ಕೋಣೆ, ಮೂರು ವಾರಕ್ಕೆ.
"ಸರಿ," ಎಂದಳು, "ಆರು ಗಂಟೆಗೆ ಊಟ. ಆರೂಕಾಲಿಗಲ್ಲ."

ಬೆಳಿಗ್ಗೆ ಬ್ರೆಡ್ಡು, ಬೆಣ್ಣೆ, ಮೇಲೆ ಚಾಕೊಲೇಟಿನ ಕಾಳು,
ಸಕ್ಕರೆ ಡಬ್ಬಿಗೆ ಇರುವೆ ಮುತ್ತಿದ ಹಾಗೆ.
ಇದು ಮಕ್ಕಳ ತಿಂಡಿಯಲ್ಲವೇ ಎಂದರೆ
ಎದುರುಮನೆಯ ನ್ಯಾಯಾಧೀಶರೂ ಇದನ್ನೇ ತಿಂದು
ಕೋರ್ಟಿಗೆ ಹೋಗುವುದು ಎಂದಳು.
ಮಧ್ಯಾಹ್ನ ಮತ್ತೆ ಬ್ರೆಡ್ಡು, ಜೀರಿಗೆ ಹಾಕಿದ ಚೀಸು.
ಜೀರಿಗೆ! ಹಲ್ಲಿಗೆ ಸಿಕ್ಕಿದ್ದೇ ತಡ
ನಮ್ಮದು, ನಮ್ಮದು ಎನ್ನಲು ಬಾಯಿ ತೆರೆದೆ.
"ಇದು ಲೈಡನ್ನಿನದು," ಎಂದಳು ಅಷ್ಟರಲ್ಲಿ.
ವಾದಿಸಲಿಲ್ಲ. ಸಾಸಿವೆಕಾಳಿನಷ್ಟು ಜಗಳ, ಜೀರಿಗೆಗೇಕೆ.

ಕಾಫಿಗೆ ಒಂದು ಬಿಸ್ಕತ್ತು.
ಡಬ್ಬಿ ತೆರೆದು ನನ್ನ ಮುಂದೆ ಹಿಡಿದು
ಟಪ್ಪೆಂದು ಮುಚ್ಚುವಳು;
ಎರಡನೆಯದಕ್ಕೆ ಹೊರಟಿದ್ದ ನನ್ನ ಬೆರಳು
ಸ್ವಲ್ಪದರಲ್ಲೇ ಉಳಿಯಿತು.
ಕೈ ಬಿಗಿ, ಎಂದುಕೊಂಡೆ.
ಇವರ ಬಗ್ಗೆ ಜಗತ್ತು ಆಡಿಕೊಳ್ಳುವುದನ್ನು
ನಾನೂ ಆಡಿಕೊಂಡೆ, ಮನಸ್ಸಿನೊಳಗೆ, ಕನ್ನಡದಲ್ಲಿ.

ಶನಿವಾರದ ಸಂತೆಯಲ್ಲಿ ಹೆರಿಂಗ್.
ಬಾಲ ಹಿಡಿದು, ಈರುಳ್ಳಿಚೂರಿನಲ್ಲಿ ಹೊರಳಿಸಿ,
ತಲೆ ಹಿಂದಕ್ಕೆ ಚೆಲ್ಲಿ, ಹೀಗೆ, ಎಂದು ತೋರಿಸಿದ ಬೌಡೆವೈನ್.
ಬೇಯದ ಮೀನು ತಣ್ಣಗೆ, ಬೆಣ್ಣೆಯಂತೆ,
ನಾಚಿಕೆಯಿಲ್ಲದೆ ಇಳಿಯಿತು.
ಎರಡನೆಯದರ ಅರ್ಧವನ್ನು ಕಡಲಹಕ್ಕಿ ಕಿತ್ತುಕೊಂಡು ಹಾರಿತು.
ಹಕ್ಕಿಗೂ ಹಕ್ಕಿದೆ ಎಂಬರ್ಥದ್ದೇನೋ ಅಂದ ಅವನು,
ಅದೂ ಇದೇ ಊರಿನದಂತೆ.

ಸೇತುವೆಯಾಚೆ ಇನ್ನೊಂದು ಅಂಗಡಿ. ಇಲ್ಲಿಯವರ ಸಾಲು ಬೀದಿವರೆಗೆ.
ತಟ್ಟೆಯಲ್ಲಿ ರೊಟ್ಟಿ, ಆಲೂಗಡ್ಡೆ, ಉದ್ದುದ್ದ ಅಲಸಂದೆಕಾಯಿ.
ಗಲ್ಲೆಯಲ್ಲಿ ಶ್ರೀಮತಿ ಜಗೇಸರ್.
ನಿಮ್ಮದು ಯಾವ ಊರು, ಕೇಳಿಯೇಬಿಟ್ಟೆ.
"ಲೈಡನ್."
ಅದಕ್ಕೂ ಮುಂಚೆ?
"ಸುರಿನಾಮ್."
ಅದಕ್ಕೂ ಮುಂಚೆ?
"ಅದಕ್ಕೂ ಮುಂಚೆ ಹಡಗು,"
ಎಂದು ಚಿಲ್ಲರೆ ಎಣಿಸಿ ಕೊಟ್ಟಳು.

ಅಕ್ಟೋಬರ್ ಮೂರು. ಊರಿಗೆಲ್ಲ ಇವತ್ತು ಒಂದೇ ಅಡುಗೆ:
ಗಜ್ಜರಿ, ಈರುಳ್ಳಿ, ಆಲೂಗಡ್ಡೆ, ಬೇಯಿಸಿ ಕಿವುಚಿದ್ದು.
ನಾನೂರೈವತ್ತು ವರ್ಷದ ಹಿಂದೆ
ಮುತ್ತಿಗೆ ಹಾಕಿದ್ದ ಸ್ಪೇನಿನ ದಂಡು ರಾತ್ರೋರಾತ್ರಿ ಓಡಿದಾಗ
ಬಿಟ್ಟುಹೋದ ಹಂಡೆಯೊಂದು ಸಿಕ್ಕಿತಂತೆ.
ಹಸಿದ ಊರು ಹಗೆಯ ಎಂಜಲನ್ನೇ
ಹಬ್ಬ ಮಾಡಿಕೊಂಡಿತು.
ಹೊರಗೆ ಬ್ಯಾಂಡು. ಒಳಗೆ ನನ್ನ ಕೈಗೆ ಚಾಕು ಕೊಟ್ಟು
ಆಲೂ ಬುಟ್ಟಿ ತಳ್ಳಿದಳು ಯಾಕೋಮಿನ.

ನಾಲ್ಕು ಹೆರೆದಿದ್ದೆ.
ನನ್ನ ಸಿಪ್ಪೆಯೊಂದನ್ನೆತ್ತಿ ಬೆಳಕಿಗೆ ಹಿಡಿದಳು.
"ದಪ್ಪ."
ತನ್ನದನ್ನು ಹಿಡಿದಳು: ಅದರಾಚೆ ಕಿಟಕಿಯಿತ್ತು,
ಕಾಲುವೆಯಿತ್ತು, ಸೈಕಲ್ಲೊಂದು ಮಸುಕಾಗಿ ಹಾದುಹೋಯಿತು.
"ಅಮ್ಮ ಕಲಿಸಿದ್ದು. ನಲವತ್ತನಾಲ್ಕರ ಚಳಿಗಾಲ.
ಆಲೂ ಮುಗಿದ ಮೇಲೆ ಟುಲಿಪ್ ಗೆಡ್ಡೆ. ಏಳು ವರ್ಷ ನನಗೆ."
ಹೇಗಿತ್ತು ರುಚಿ, ಎಂದೆ.
ಪ್ರವಾಸಿಯ ಬಾಯಿ ಬೇರೇನು ಕೇಳೀತು.
ಚಾಕು ನಿಲ್ಲಿಸಿ, ನಿಜಕ್ಕೂ ಯೋಚಿಸಿ ಹೇಳಿದಳು:
"ಬಿಸಿಯಾಗಿತ್ತು."

ಬಿಸ್ಕತ್ತಿನ ಡಬ್ಬಿ ಗೂಡಿನಲ್ಲಿತ್ತು, ಮುಚ್ಚಿಕೊಂಡು.
ಅದರ ಕಡೆ ನೋಡಲಾಗಲಿಲ್ಲ ನನಗೆ.
ಐದನೆಯದನ್ನು ಕೈಗೆತ್ತಿಕೊಂಡೆ.
ತೆಳ್ಳಗೆ, ಇನ್ನೂ ತೆಳ್ಳಗೆ,
ಅರ್ಧದಲ್ಲೇ ಹರಿಯಿತು.
ಬೆಳಕಿಗೆ ಹಿಡಿದು ನೋಡಿದೆ: ಬರೀ ಮಣ್ಣಿನ ಬಣ್ಣ.
ಬುಟ್ಟಿಯಲ್ಲಿ ಇನ್ನೂ ಹದಿನಾಲ್ಕಿದ್ದವು.